ಪಂಚಾಂಗ ನೋಡಿ ಹೊರಡುವ ಸಫಾರಿ

ನವಿ ಮುಂಬಯಿಯ ಐರೋಲಿ ಜೆಟ್ಟಿಯಿಂದ ರಾಜಹಂಸಗಳನ್ನು ನೋಡಲು ಹೊರಡುವ ದೋಣಿಗೆ ದಿನವೂ ಒಂದೇ ಹೊತ್ತು ಎಂಬುದಿಲ್ಲ. ಇವತ್ತು ಬೆಳಿಗ್ಗೆ ಎಂಟಕ್ಕೆ ಹೊರಟರೆ ನಾಳೆ ಒಂಬತ್ತರ ಹತ್ತಿರ. ವಾರ ಕಳೆದರೆ ಮಧ್ಯಾಹ್ನವೂ ಆದೀತು, ಸಂಜೆಯೂ ಆದೀತು. ವೇಳಾಪಟ್ಟಿಯನ್ನು ಸಮುದ್ರದ ಉಬ್ಬರ-ಇಳಿತ ನೋಡಿ ಹಾಕುತ್ತಾರೆ. ಲೋಕಲ್ ರೈಲಿನ ನಿಮಿಷದ ಲೆಕ್ಕದಲ್ಲಿ ಬದುಕುವ ಥಾಣೆ, ಡೊಂಬಿವಲಿ, ಕಲ್ಯಾಣದ ಜನರಿಗೆ ಇದು ಮೊದಲಿಗೆ ವಿಚಿತ್ರವೆನಿಸುತ್ತದೆ. ರಜೆಯ ದಿನವೇ ಹೋಗಬೇಕೆಂದರೆ ರಜೆಯ ದಿನ ನೀರು ಸರಿಯಾದ ಹೊತ್ತಿಗೆ ಬರಬೇಕಲ್ಲ!

ದೋಣಿ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ಕಾಲುವೆಯಿಂದ ಹೊರಬಿದ್ದು ಅಗಲವಾದ ನೀರಿಗೆ ಬರುತ್ತದೆ. ಒಂದು ಕಡೆ ನವಿ ಮುಂಬಯಿಯ ಕಟ್ಟಡಗಳು, ಇನ್ನೊಂದು ಕಡೆ ಭಾಂಡುಪ್, ವಿಕ್ರೋಲಿಯ ಗೋಪುರಗಳು, ನಡುನೀರಿನಲ್ಲೇ ಕಾಲೂರಿ ನಿಂತ ವಿದ್ಯುತ್ ಕಂಬಗಳು. ದೂರದಲ್ಲಿ ಕೆಸರಿನ ಅಂಚಿಗೆ ಯಾರೋ ಗುಲಾಬಿ ಬಣ್ಣದ ಗೆರೆ ಎಳೆದಂತೆ ಕಾಣುತ್ತದೆ. ದೋಣಿ ಹತ್ತಿರವಾದಂತೆ ಗೆರೆಗೆ ಕಾಲು, ಕೊಕ್ಕು, ಕತ್ತು ಮೂಡುತ್ತವೆ. ಚುಕ್ಕಾಣಿ ಹಿಡಿದವನು ಇಂಜಿನ್ ತಗ್ಗಿಸುತ್ತಾನೆ. ಎಲ್ಲಿ ತಗ್ಗಿಸಬೇಕು, ಎಲ್ಲಿಂದ ಮುಂದೆ ಹೋದರೆ ದೋಣಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ ಎಂಬುದನ್ನು ತೋರಿಸುವ ಯಾವ ಗುರುತೂ ನೀರಿನ ಮೇಲೆ ಇಲ್ಲ. ಅವನಿಗೆ ಮಾತ್ರ ಅದು ಗೊತ್ತು.

ಸಫಾರಿಯ ಇತಿಹಾಸವನ್ನು ಸಾಮಾನ್ಯವಾಗಿ ನೋಡಲು ಹೋದವರ ಕಡೆಯಿಂದ ಬರೆಯುತ್ತಾರೆ. ಯಾವ ದೊರೆ ಎಷ್ಟು ಸಿಂಹ ಹೊಡೆದ, ಯಾವ ಸಾಹೇಬ ಯಾವ ಸರೋವರ ಕಂಡ ಎಂದು. ಮುಂದೆ ನಡೆದು ದಾರಿ ತೋರಿಸಿದವರ ಕಡೆಯಿಂದ ನೋಡಿದರೆ ಆ ಇತಿಹಾಸ ಬೇರೆಯಾಗಿ ಕಾಣುತ್ತದೆ. ಅದರ ಒಂದು ತುದಿ ಆಫ್ರಿಕದಲ್ಲಿದೆ, ಇನ್ನೊಂದು ತುದಿ ಈ ಥಾಣೆ ಖಾಡಿಯಲ್ಲಿ.

ಮುಂಬಯಿಯ ಹೆಸರು ಹೊತ್ತ ದಾರಿಗಾರ

'ಸಫಾರಿ' ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಮಾತು. ಅರ್ಥ ಬರೀ 'ಪ್ರಯಾಣ'. ಅರಬ್ಬಿಯ 'ಸಫರ್' ಅದರ ಮೂಲ. ಹಿಂದಿ ಸಿನಿಮಾ ಹಾಡುಗಳಲ್ಲಿ ನಾವು ಕೇಳುವ ಸಫರ್ ಕೂಡ ಅದೇ. ಹತ್ತೊಂಬತ್ತನೇ ಶತಮಾನದಲ್ಲಿ ಸಫಾರಿ ಎಂದರೆ ಕಾಲ್ನಡಿಗೆ. ಒಳನಾಡಿನಲ್ಲಿ ತ್ಸೆತ್ಸೆ ನೊಣದ ಕಾಟದಿಂದ ಕುದುರೆ, ಎತ್ತುಗಳು ಉಳಿಯುತ್ತಿರಲಿಲ್ಲ. ಹಾಗಾಗಿ ಬಟ್ಟೆ, ಮಣಿ, ದಂತ ಎಲ್ಲವೂ ಮನುಷ್ಯರ ತಲೆ, ಹೆಗಲ ಮೇಲೆ ಸಾಗಬೇಕಿತ್ತು. ಹೊರೆ ಹೊರುವವರನ್ನು 'ಪಗಾಜಿ' ಎನ್ನುತ್ತಿದ್ದರು. ಎಲ್ಲರಿಗಿಂತ ಮುಂದೆ ಬಾವುಟ ಹಿಡಿದು ನಡೆಯುವವನು 'ಕಿರಂಗೋಜಿ', ಅಂದರೆ ದಾರಿಗಾರ. ಅವನು ನಿಂತಲ್ಲಿ ಗುಂಪು ನಿಲ್ಲಬೇಕು, ಅವನು ತಿರುಗಿದ ಕಡೆ ತಿರುಗಬೇಕು.

1856ರ ಡಿಸೆಂಬರಿನಲ್ಲಿ ರಿಚರ್ಡ್ ಬರ್ಟನ್ ಮತ್ತು ಜಾನ್ ಹ್ಯಾನಿಂಗ್ ಸ್ಪೀಕ್ ಮುಂಬಯಿಯಿಂದ ಹಡಗು ಹತ್ತಿ ಜಾಂಜಿಬಾರ್‌ಗೆ ಹೋದರು. ನೈಲ್ ನದಿಯ ಮೂಲ ಹುಡುಕುವುದು ಅವರ ಉದ್ದೇಶ. 1857ರಲ್ಲಿ ಅವರ ಜತೆಗೆ ಸೇರಿಕೊಂಡ ಒಬ್ಬಾತನ ಹೆಸರು ಸಿದಿ ಮುಬಾರಕ್ ಬಾಂಬೆ. ಅವನು ಇಂದಿನ ತಾಂಜಾನಿಯಾ-ಮೊಜಾಂಬಿಕ್ ಗಡಿಯ ಯಾವೊ ಜನಾಂಗದವನು. ಹುಡುಗನಾಗಿದ್ದಾಗಲೇ ಗುಲಾಮರ ಬೇಟೆಗಾರರು ಅವನನ್ನು ಹಿಡಿದು ಬಟ್ಟೆಗೆ ಬದಲಾಗಿ ಮಾರಿದ್ದರು. ಭಾರತದ ಪಶ್ಚಿಮ ಕರಾವಳಿಗೆ ಬಂದು ಎಷ್ಟೋ ವರ್ಷ ದುಡಿದ. ಒಡೆಯ ಸತ್ತ ಮೇಲೆ ಬಿಡುಗಡೆಯಾಗಿ ಆಫ್ರಿಕಕ್ಕೆ ಮರಳಿದ. 'ಬಾಂಬೆ' ಎಂಬ ಹೆಸರು ಅವನಿಗೆ ಈ ಊರಿನಿಂದ ಅಂಟಿತು. 'ಸಿದಿ' ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಿದ್ದಿಯರ ಹೆಸರೂ ಅದೇ ಬೇರಿನದು.

ಸ್ಪೀಕ್‌ಗೆ ಅರಬ್ಬಿ ಬರುತ್ತಿರಲಿಲ್ಲ, ಸ್ವಾಹಿಲಿಯೂ ಅಷ್ಟಕ್ಕಷ್ಟೆ. ಭಾರತದಲ್ಲಿ ಸೈನಿಕನಾಗಿದ್ದವನಿಗೆ ಬರುತ್ತಿದ್ದದ್ದು ಹಿಂದುಸ್ತಾನಿ. ಬಾಂಬೆಗೂ ಅದು ಬರುತ್ತಿತ್ತು. ಆಫ್ರಿಕದ ನಡುಭಾಗದಲ್ಲಿ ಒಬ್ಬ ಇಂಗ್ಲಿಷನೂ ಒಬ್ಬ ಆಫ್ರಿಕನ್ನನೂ ಹರಕು ಮುರುಕು ಹಿಂದುಸ್ತಾನಿಯಲ್ಲಿ ಮಾತಾಡಿಕೊಂಡು ದಾರಿ ನಡೆದರು. ಸ್ಪೀಕ್ ಹೇಳಿದ್ದನ್ನು ಬಾಂಬೆ ಸ್ವಾಹಿಲಿಗೆ ತಿರುಗಿಸುತ್ತಿದ್ದ, ಅಲ್ಲಿಂದ ಮುಂದೆ ಆಯಾ ಊರಿನ ಭಾಷೆಗೆ ಇನ್ನೊಬ್ಬ. 1858ರ ಆಗಸ್ಟಿನಲ್ಲಿ ಸ್ಪೀಕ್ ಒಂದು ಮಹಾ ಸರೋವರದ ದಂಡೆ ಮುಟ್ಟಿ ಅದಕ್ಕೆ ವಿಕ್ಟೋರಿಯಾ ರಾಣಿಯ ಹೆಸರಿಟ್ಟಾಗ ಬಾಂಬೆ ಜತೆಗಿದ್ದ. ಮುಂದೆ ಸ್ಪೀಕನ ಎರಡನೇ ಯಾತ್ರೆಯಲ್ಲೂ ಇದ್ದ. 1871ರಲ್ಲಿ ಸ್ಟ್ಯಾನ್ಲಿ ಲಿವಿಂಗ್‌ಸ್ಟನ್‌ನನ್ನು ಹುಡುಕಿ ಹೊರಟಾಗ ಕಾವಲುಪಡೆಯ ಮುಖ್ಯಸ್ಥ ಅವನೇ. 1873ರಿಂದ ಕ್ಯಾಮರಾನ್ ಜತೆ ಪೂರ್ವ ಕಡಲಿನಿಂದ ಪಶ್ಚಿಮ ಕಡಲಿನವರೆಗೆ ಖಂಡವನ್ನು ದಾಟಿದ. ಜೀವಮಾನದಲ್ಲಿ ಅವನು ನಡೆದದ್ದು ಸುಮಾರು 9,600 ಕಿಲೋಮೀಟರ್ ಎಂಬ ಅಂದಾಜಿದೆ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಬೆಳ್ಳಿಯ ಪದಕ ಕೊಟ್ಟಿತು, ಪಿಂಚಣಿಯನ್ನೂ ಗೊತ್ತುಮಾಡಿತು. 1885ರಲ್ಲಿ ತೀರಿಕೊಂಡ. ಸರೋವರಗಳಿಗೆ ರಾಣಿಯರ, ರಾಜಕುಮಾರರ ಹೆಸರುಗಳು ಬಂದವು. ದಾರಿ ತೋರಿದವನ ಹೆಸರಿನಲ್ಲಿ ಒಂದು ಹಳ್ಳವೂ ಭೂಪಟಕ್ಕೆ ಏರಲಿಲ್ಲ.

ಮುಂದಿನ ಕಾಲದಲ್ಲಿ ಸಫಾರಿಯ ಅರ್ಥ ಬದಲಾಯಿತು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಬಿದ್ದಿತು. ಹಾಕಿದವರು ಭಾರತದಿಂದ ಕರೆದೊಯ್ದ ಸುಮಾರು 32,000 ಕೂಲಿಗಳು. ರೈಲು ಬಂದ ಮೇಲೆ ಬೇಟೆಯ ಹುಚ್ಚಿನ ಶ್ರೀಮಂತರು ಬಂದರು. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಅಲ್ಲಿಗೆ ಹೋದದ್ದು ಸಫಾರಿ ಎಂಬ ಮಾತನ್ನು ಜಗತ್ತಿಗೆಲ್ಲ ಹರಡಿತು. ಹೊರೆಯಾಳುಗಳ ಜಾಗಕ್ಕೆ ಮೋಟಾರು ಗಾಡಿ ಬಂತು. 1977ರಲ್ಲಿ ಕೀನ್ಯಾ ಬೇಟೆಯನ್ನು ನಿಷೇಧಿಸಿದ ಮೇಲೆ ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು. ಹೆಜ್ಜೆ ಓದುವವನ ಅಗತ್ಯ ಮಾತ್ರ ಹೋಗಲಿಲ್ಲ. ಗರಿಕೆ ಮುರಿದಿರುವ ಬಗೆ, ಲದ್ದಿಯ ಬಿಸಿ, ಹಕ್ಕಿಯ ಎಚ್ಚರಿಕೆಯ ಕೂಗು ಇವುಗಳಿಂದ ಪ್ರಾಣಿ ಎತ್ತ ಹೋಯಿತೆಂದು ಹೇಳುವವನು ಬೇಕೇ ಬೇಕು. ಇಂದು ಕೀನ್ಯಾದಲ್ಲಿ ಸಫಾರಿ ಗೈಡುಗಳ ಸಂಘವೊಂದು ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತದ ಪರೀಕ್ಷೆ ನಡೆಸುತ್ತದೆ. ಸಾಹೇಬರ ಬಂದೂಕು ಹೊರುತ್ತಿದ್ದವರ ಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ದಾರಿ ತೋರುವುದು ಹೆಸರಿರುವ ಕಸುಬಾಯಿತು.

ಕಾಕನಕೋಟೆಯಿಂದ ಕಬಿನಿಗೆ

ಕನ್ನಡಿಗರಿಗೆ ಸಫಾರಿ ಎಂದರೆ ಮೊದಲು ನೆನಪಾಗುವುದು ನಾಗರಹೊಳೆ, ಬಂಡೀಪುರ, ಕಬಿನಿ. ಅಲ್ಲಿಯ ಕಥೆಯೂ ಹೀಗೆಯೇ. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಖೆಡ್ಡಾ ಶುರುಮಾಡಿ ಹೆಸರಾದ. ಆನೆ ಎಲ್ಲಿ ಮೇಯುತ್ತದೆ, ಯಾವ ಕಂಡಿಯಲ್ಲಿ ಹೊಳೆಗಿಳಿಯುತ್ತದೆ ಎಂದು ಹೇಳುತ್ತಿದ್ದವರು ಕಾಡಿನ ಕುರುಬರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮುಂದೆ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನೇ ಮುಳುಗಿಸಿತು.

1980ರಲ್ಲಿ ರಾಜ್ಯ ಸರ್ಕಾರ, ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಸಹಯೋಗದಲ್ಲಿ ಜಂಗಲ್ ಲಾಡ್ಜಸ್ ಆರಂಭಿಸಿತು. ಕರ್ನಲ್ ಜಾನ್ ವೇಕ್‌ಫೀಲ್ಡ್ ಕಬಿನಿ ದಂಡೆಯ ಲಾಡ್ಜನ್ನು ಬೆಳೆಸಿ ಅಲ್ಲಿಯೇ ಬಾಳಿ 2010ರಲ್ಲಿ ತೀರಿಕೊಂಡರು. ಆ ಹಿನ್ನೀರಿನಲ್ಲಿ ಜೀಪಿನ ಜತೆಗೆ ದೋಣಿ ಸಫಾರಿಯೂ ಉಂಟು. ಬೇಸಿಗೆಯಲ್ಲಿ ನೀರು ಇಳಿದು ಹಸಿರು ಹುಲ್ಲು ಮೇಲೆದ್ದಾಗ ಆನೆಗಳು ದಂಡೆಗೆ ಬರುತ್ತವೆ. ಕಬಿನಿಯ ನೀರು ಇಳಿಯಲು ತಿಂಗಳುಗಳು ಬೇಕು, ಗೈಡಿಗೆ ಋತು ಗೊತ್ತಿದ್ದರೆ ಸಾಕು. ಥಾಣೆ ಖಾಡಿಯಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಅಲ್ಲಿ ದಾರಿ ತೋರುವವನಿಗೆ ಗಳಿಗೆ ಗೊತ್ತಿರಬೇಕು.

ತಿಥಿಯ ಮುಕ್ಕಾಲು ಪಾಲು

ಖಾಡಿ ಎಂದರೆ ಸಮುದ್ರ ನೆಲದೊಳಕ್ಕೆ ಚಾಚಿದ ತೋಳು. ಥಾಣೆ ಖಾಡಿ ಮುಂಬಯಿ ಬಂದರಿನಿಂದ ಉತ್ತರಕ್ಕೆ ಸುಮಾರು 26 ಕಿಲೋಮೀಟರ್ ಚಾಚಿ, ಥಾಣೆಯ ಹತ್ತಿರ ಕಿರಿದಾದ ಕಾಲುವೆಯೊಂದರ ಮೂಲಕ ಉಲ್ಹಾಸ್ ನದಿಯನ್ನು ಮುಟ್ಟುತ್ತದೆ. ಡೊಂಬಿವಲಿ, ಕಲ್ಯಾಣ ಇರುವುದು ಆ ನದಿಯ ದಂಡೆಯಲ್ಲಿ. ಕಲ್ಯಾಣ ಎಂದರೆ ಕನ್ನಡಿಗರ ಮನಸ್ಸು ಬಸವಣ್ಣನ ಕಲ್ಯಾಣಕ್ಕೆ ಹೋಗುತ್ತದೆ. ಈ ಕಲ್ಯಾಣ ಬೇರೆ, ಇದು ಬಂದರು. ಕ್ರಿ.ಶ. ಒಂದನೇ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ 'ಪೆರಿಪ್ಲಸ್' ಎಂಬ ಕಡಲ ಕೈಪಿಡಿಯಲ್ಲಿ ಅದು 'ಕಲ್ಲಿಯೆನ' ಎಂದು ಕಾಣಿಸಿಕೊಳ್ಳುತ್ತದೆ.

ಅದೇ ಕೈಪಿಡಿಯಲ್ಲಿ ಇನ್ನೊಂದು ವಿವರವಿದೆ. ಕಲ್ಯಾಣದಿಂದ ಉತ್ತರಕ್ಕೆ ಭರೂಚ್ ಬಂದರು ನರ್ಮದೆಯ ಒಳಗಿದೆ. ನದೀಮುಖದಲ್ಲಿ ಮರಳ ದಿಬ್ಬಗಳು, ಭಯಂಕರ ಉಬ್ಬರ. ಹೊರಗಿನಿಂದ ಬಂದ ಹಡಗು ತಾನಾಗಿ ಒಳಗೆ ಬರುವಂತಿರಲಿಲ್ಲ. ರಾಜನ ನೌಕರಿಯಲ್ಲಿದ್ದ ಸ್ಥಳೀಯ ಮೀನುಗಾರರು ದೊಡ್ಡ ದೋಣಿಗಳಲ್ಲಿ ಎದುರು ಹೋಗಿ, ಹಡಗನ್ನು ದಿಬ್ಬಗಳ ನಡುವೆ ನಡೆಸಿ, ಉಬ್ಬರ ಶುರುವಾದಾಗ ಮುಂದೆ ಎಳೆದು, ಇಳಿತದಲ್ಲಿ ಗೊತ್ತಾದ ತಾಣಗಳಲ್ಲಿ ಲಂಗರು ಹಾಕಿಸಿ, ಬಂದರು ಮುಟ್ಟಿಸುತ್ತಿದ್ದರಂತೆ. ಈ ಕರಾವಳಿಯಲ್ಲಿ ಮೀನುಗಾರ ಹೊರಗಿನವನಿಗೆ ನೀರಿನ ದಾರಿ ತೋರಿಸುವ ಕೆಲಸಕ್ಕೆ ಎರಡು ಸಾವಿರ ವರ್ಷದ ದಾಖಲೆ ಇದೆ ಎಂದಾಯಿತು.

ಥಾಣೆ ಖಾಡಿಯ ಎರಡೂ ದಂಡೆಗಳಲ್ಲಿ ಕೋಲಿ ಮೀನುಗಾರರ ಕೇರಿಗಳಿವೆ. ಮರಾಠಿಯಲ್ಲಿ ಅವನ್ನು ಕೋಲಿವಾಡಾ ಎನ್ನುತ್ತಾರೆ. ದೋಣಿಯ ಮುಖ್ಯಸ್ಥ ತಾಂಡೇಲ. ಕಾರವಾರದ ಕಡೆ ಅದು ಮನೆತನದ ಹೆಸರೂ ಹೌದು. ಖಾಡಿಯ ಮೀನುಗಾರಿಕೆಯಲ್ಲಿ ಬಲೆಯನ್ನು ಹಿಂದೆ ಮುಂದೆ ಎಳೆದಾಡುವುದು ಕಡಿಮೆ. ಚೀಲದಂಥ ಡೋಲ್ ಬಲೆಯನ್ನು ಹರಿವಿಗೆ ಬಾಯಿ ಮಾಡಿ ಕಟ್ಟಿದರೆ ನೀರೇ ಮೀನನ್ನು, ಸಿಗಡಿಯನ್ನು ತಂದು ತುಂಬುತ್ತದೆ. ಹರಿವು ತಿರುಗುವ ಹೊತ್ತು ತಪ್ಪಿದರೆ ಬಲೆ ಖಾಲಿ. ನೀರು ಇಳಿದಾಗ ಹೆಂಗಸರು ಕೆಸರಿಗಿಳಿದು ಚಿಪ್ಪು, ಏಡಿ, ನಿವ್ಟಿ ಎಂಬ ಕೆಸರುಮೀನು ಹಿಡಿಯುತ್ತಾರೆ. ಅವರಿಗೂ ನೀರು ಯಾವಾಗ ಮರಳುತ್ತದೆಂದು ಗೊತ್ತಿರಲೇಬೇಕು, ಇಲ್ಲದಿದ್ದರೆ ಪ್ರಾಣಕ್ಕೆ ಕುತ್ತು.

ಅದನ್ನು ತಿಳಿಯಲು ಕೊಂಕಣ ಕರಾವಳಿಯಲ್ಲಿ ಒಂದು ಸುಲಭ ಲೆಕ್ಕವಿದೆ: ತಿಥಿಯ ಮುಕ್ಕಾಲು ಪಾಲು. ಅವತ್ತು ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು, ತುಂಬು ಉಬ್ಬರ ಮೂರು ಗಂಟೆಗೆ. ಅಷ್ಟಮಿಯಾದರೆ ಆರಕ್ಕೆ. ಹುಣ್ಣಿಮೆ, ಅಮಾವಾಸ್ಯೆಗೆ ಹದಿನೈದರ ಮುಕ್ಕಾಲು, ಅಂದರೆ ಹನ್ನೊಂದೂಕಾಲರ ಮೇಲೆ. ಹಗಲಿಗೊಂದು, ರಾತ್ರಿಗೊಂದು. ಚಂದ್ರ ದಿನವೂ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುವುದರಿಂದ ಉಬ್ಬರವೂ ಅಷ್ಟೇ ತಡವಾಗುತ್ತದೆ. ಮುಕ್ಕಾಲು ಗಂಟೆ ಎಂಬುದು ಬಾಯಿಲೆಕ್ಕಕ್ಕೆ ಹೊಂದುವ ಅಂದಾಜು. ಅದರ ಮೇಲೆ ಅನುಭವದ ತಿದ್ದುಪಡಿ ಬೇಕು. ಖಾಡಿಯ ಬಾಯಲ್ಲಿ ನೀರು ತುಂಬಿದ ಎಷ್ಟೋ ಹೊತ್ತಿನ ಮೇಲೆ ಥಾಣೆಯ ಕಡೆ ತುಂಬುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಜೋರು ಉಬ್ಬರ 'ಉಧಾಣ', ಅಷ್ಟಮಿಯ ಸುಮಾರಿನ ಸಪ್ಪೆ ಉಬ್ಬರ 'ಭಾಂಗ'. ಉಧಾಣದ ದಿನ ಮುಂಬಯಿಯಲ್ಲಿ ನೀರು ನಾಲ್ಕೂವರೆ ಮೀಟರ್ ದಾಟುವುದುಂಟು. ಅದೇ ದಿನ ಇಳಿತದಲ್ಲಿ ಬಟಾಬಯಲು ಕೆಸರು. ಏಕಾದಶಿ, ಸಂಕಷ್ಟಿಗೆಂದು ಗೋಡೆಯ ಪಂಚಾಂಗ ನೋಡುವ ಮನೆಗಳಿಗೆ ಅದರಲ್ಲೇ ಸಮುದ್ರದ ವೇಳಾಪಟ್ಟಿಯೂ ಇದೆಯೆಂದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಮೀನು ಹೋದಲ್ಲಿ ಹಕ್ಕಿ ಬಂತು

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಹಳಿ ನೀರು ದಾಟಿ ಕಲ್ಯಾಣ ಮುಟ್ಟಿತು. ಅಲ್ಲಿಂದ ಈ ಊರುಗಳ ಗಡಿಯಾರ ರೈಲಿನದಾಯಿತು. ನೀರಿನ ದಾರಿ ನಿಧಾನವಾಗಿ ಹಿತ್ತಿಲಾಯಿತು. 1960ರ ದಶಕದಿಂದ ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ರಾಸಾಯನಿಕ ಕಾರ್ಖಾನೆಗಳು ಎದ್ದವು. 1970ರಲ್ಲಿ ಹೊಸ ನಗರ ಕಟ್ಟಲು ಸಿಡ್ಕೋ ಸ್ಥಾಪನೆಯಾಯಿತು. 1973ರಲ್ಲಿ ವಾಶಿ ಸೇತುವೆ, ಆಮೇಲೆ ರೈಲು ಸೇತುವೆ, 1990ರ ದಶಕದಲ್ಲಿ ಎರಡನೇ ವಾಶಿ ಸೇತುವೆ ಮತ್ತು ಐರೋಲಿ ಸೇತುವೆ. ಕಂಬಗಳು ಹೆಚ್ಚಿದಂತೆ ಹರಿವು ಮಂದವಾಗಿ ಹೂಳು ಕೂತಿತು. ಎರಡು ನಗರಗಳ ಕೊಳಚೆ ಖಾಡಿಗೆ ಸೇರಿತು. ಹೂಳಿನ ಮೇಲೆ ಕಾಂಡ್ಲಾ ಹಬ್ಬಿತು. ಮೀನು ಕಡಿಮೆಯಾಯಿತು, ಸಿಕ್ಕ ಮೀನಿಗೂ ಎಣ್ಣೆಯ ವಾಸನೆ ಎಂದು ಗಿರಾಕಿ ಮೂಗು ಮುರಿದ. ಕೋಲಿವಾಡಾದ ಹುಡುಗರು ಕಾರ್ಖಾನೆಗೆ, ಕಚೇರಿಗೆ ಹೊರಟರು.

ಆ ಹೊತ್ತಿಗೇ, 1990ರ ದಶಕದ ಮೊದಲ ವರ್ಷಗಳಿಂದ, ಖಾಡಿಯ ಕೆಳಭಾಗದ ಶಿವ್ಡಿ, ಮಾಹುಲ್ ಕಡೆ ರಾಜಹಂಸಗಳು ದೊಡ್ಡ ಸಂಖ್ಯೆಯಲ್ಲಿ ಇಳಿಯತೊಡಗಿದವು. ಬಂದವುಗಳಲ್ಲಿ ಹೆಚ್ಚಿನವು ಕಿರಿಯ ರಾಜಹಂಸ. ಈ ಜಾತಿಯ ದೊಡ್ಡ ನೆಲೆ ಪೂರ್ವ ಆಫ್ರಿಕದ ಸೋಡಾ ಸರೋವರಗಳು. ಕೀನ್ಯಾದ ಬೊಗೋರಿಯಾ, ನಕೂರು, ತಾಂಜಾನಿಯಾದ ನೆಟ್ರಾನ್. ಆಫ್ರಿಕದ ಸಫಾರಿಯ ಪೋಸ್ಟರುಗಳಲ್ಲಿ ನೀರಂಚನ್ನು ಕೆಂಪಾಗಿಸಿರುವ ಹಕ್ಕಿ ಅದೇ. ಭಾರತದಲ್ಲಿ ಅದು ಮರಿ ಮಾಡುವುದು ಗುಜರಾತಿನ ಉಪ್ಪುನೆಲದಲ್ಲಿ. ಮುಂಬಯಿಗೆ ಬರುವುದು ಮೇಯಲು. 2022ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ತಜ್ಞರು ಆರು ಹಕ್ಕಿಗಳ ಬೆನ್ನಿಗೆ ಜಿಪಿಎಸ್ ಕಟ್ಟಿ ಬಿಟ್ಟರು. ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿಯವರ ನೆನಪಿಗೆ 'ಹುಮಾಯೂನ್' ಎಂದು ಹೆಸರಿಟ್ಟ ಹಕ್ಕಿ ಗುಜರಾತಿಗೆ ಹಾರಿದ್ದನ್ನು ನಕ್ಷೆಯಲ್ಲಿ ಕಂಡರು.

ಇಷ್ಟು ಕೆಟ್ಟ ನೀರಿಗೆ ಅವು ಏಕೆ ಬಂದವು? ಕಿರಿಯ ರಾಜಹಂಸದ ಆಹಾರ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ಜರಡಿಯಂತೆ ಸೋಸುತ್ತದೆ. ಕೊಳಚೆಯ ಸಾರಜನಕ, ರಂಜಕ ಗೊಬ್ಬರವಾಗಿ ಖಾಡಿಯ ಕೆಸರಿನಲ್ಲಿ ಪಾಚಿ ಹುಲುಸಾಯಿತು ಎಂಬುದು ತಜ್ಞರು ಮುಖ್ಯವಾಗಿ ಕೊಡುವ ಕಾರಣ. ಮೀನಿಗೆ ಉಸಿರು ಕಟ್ಟಿಸಿದ ನೀರು ಹಕ್ಕಿಗೆ ಊಟ ಬಡಿಸಿತು. ಸೊಸೈಟಿಯ 2019ರ ಜನವರಿ ಎಣಿಕೆಯಲ್ಲಿ ಹಕ್ಕಿಗಳ ಸಂಖ್ಯೆ 1.2 ಲಕ್ಷ ದಾಟಿತ್ತು. ಕೋಲಿಗಳ ಪಾಲಿಗೆ ಮಾತ್ರ ಇದು ಸಂಭ್ರಮದ ಲೆಕ್ಕವಷ್ಟೇ ಅಲ್ಲ. ಅವರ ನಷ್ಟದಿಂದ ಹುಟ್ಟಿದ ಸೊಬಗು ಅದು.

ಮಹಾರಾಷ್ಟ್ರ ಸರ್ಕಾರ 2012ರಲ್ಲಿ ಕಾಂಡ್ಲಾ ಕಾಡಿಗೆಂದೇ ಅರಣ್ಯ ಇಲಾಖೆಯಲ್ಲಿ ಬೇರೆ ಘಟಕ ಮಾಡಿತು. 2015ರ ಆಗಸ್ಟ್ 6ರಂದು ಥಾಣೆ ಖಾಡಿಯ 1,690 ಹೆಕ್ಟೇರ್ ರಾಜಹಂಸ ಅಭಯಾರಣ್ಯವಾಯಿತು. ಅದರಲ್ಲಿ 896 ಹೆಕ್ಟೇರ್ ಕಾಂಡ್ಲಾ, 794 ಹೆಕ್ಟೇರ್ ನೀರು. 2017ರಲ್ಲಿ ಐರೋಲಿಯಲ್ಲಿ ಕಡಲ ಜೀವವೈವಿಧ್ಯ ಕೇಂದ್ರ ತೆರೆಯಿತು. ದೋಣಿ ಸಫಾರಿ ಅಲ್ಲಿಂದಲೇ. 2022ರಲ್ಲಿ ಖಾಡಿಯ 6,521 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು. ಅಭಯಾರಣ್ಯ ಎಂದ ಕೂಡಲೇ ಮೀನುಗಾರರಿಗೆ ಬಂದ ಮೊದಲ ಭಯ, ಇನ್ನು ಬಲೆ ಹಾಕಲು ಬಿಡುತ್ತಾರೋ ಇಲ್ಲವೋ ಎಂಬುದು. ದೋಣಿ ನಡೆಸಲು, ಹಕ್ಕಿ ತೋರಿಸಲು ಸ್ಥಳೀಯರನ್ನೇ ತೆಗೆದುಕೊಂಡು ತರಬೇತಿ ಕೊಟ್ಟದ್ದು ಆ ಭಯಕ್ಕೆ ಒಂದಿಷ್ಟು ಉತ್ತರವಾಯಿತು.

ಒಂದು ಗಂಟೆಯ ದಾರಿ

ಹಕ್ಕಿಗಳು ಖಾಡಿಯಲ್ಲಿ ಇರುವುದು ನವೆಂಬರಿನಿಂದ ಮೇ ತನಕ. ಸುಮಾರು ಒಂದು ಗಂಟೆಯ ಪ್ರಯಾಣದ ಗುಟ್ಟೆಲ್ಲ ಹೊರಡುವ ಹೊತ್ತಿನಲ್ಲಿದೆ. ನೀರು ಪೂರ್ತಿ ಇಳಿದಿದ್ದರೆ ಹಕ್ಕಿಗಳು ಕೆಸರಿನ ಮೇಲೆ ಹರಡಿ ಮೇಯುತ್ತಿರುತ್ತವೆ, ಆದರೆ ದೋಣಿಗೆ ಹತ್ತಿರ ಹೋಗುವಷ್ಟು ಆಳವಿರುವುದಿಲ್ಲ. ನೀರು ಪೂರ್ತಿ ತುಂಬಿದ್ದರೆ ದೋಣಿ ಎಲ್ಲಿ ಬೇಕಾದರೂ ಹೋಗಬಹುದು, ಆದರೆ ಕೆಸರು ಮುಳುಗಿ ಹಕ್ಕಿಗಳು ಎದ್ದು ಹೋಗಿರುತ್ತವೆ. ಇವೆರಡರ ನಡುವೆ, ನೀರು ಏರುತ್ತ ಹಕ್ಕಿಗಳನ್ನು ಉಳಿದ ಕೆಸರಿನ ಅಂಚಿಗೆ ಒತ್ತುವ ಗಳಿಗೆಯೊಂದಿದೆ. ಇಳಿಯುವಾಗ ಅಂಥದೇ ಇನ್ನೊಂದು. ಸಫಾರಿ ಆ ಕಿಂಡಿಯಲ್ಲಿ ನುಸುಳಬೇಕು.

ಹತ್ತಿರ ಹೋಗುವುದಕ್ಕೂ ಕ್ರಮವಿದೆ. ನೇರವಾಗಿ ಗುಂಪಿನತ್ತ ನುಗ್ಗಿದರೆ ಹಕ್ಕಿ ಏಳುತ್ತದೆ. ಓರೆಯಾಗಿ ಸಾಗಿ, ಇಂಜಿನ್ ಸದ್ದು ಒಂದೇ ಸಮನೆ ಇಟ್ಟು, ಕೊನೆಗೆ ಹರಿವಿಗೆ ದೋಣಿ ಬಿಡಬೇಕು. ಮೇಯುತ್ತಿದ್ದ ಕತ್ತುಗಳು ಒಂದೊಂದಾಗಿ ಮೇಲೆದ್ದು ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗಿದರೆ ಅದು ಎಚ್ಚರಿಕೆ. ಅಲ್ಲಿಗೆ ನಿಲ್ಲಿಸಬೇಕು. ಪ್ರಯಾಣಿಕರು ಎದ್ದು ನಿಂತು ಕೂಗಿದರೆ ಅಲ್ಲಿಯವರೆಗಿನ ಜಾಣತನವೆಲ್ಲ ವ್ಯರ್ಥ. 'ಹಾರಿಸಿ ತೋರಿಸಿ, ವಿಡಿಯೋ ಚೆನ್ನಾಗಿ ಬರುತ್ತೆ' ಎಂದು ಕೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಹಕ್ಕಿ ಮೇಯಲು ಸಿಗುವುದು ನೀರಿಲ್ಲದ ಕೆಲವೇ ಗಂಟೆ, ಹಾರಿಸಿದಷ್ಟೂ ಹೊಟ್ಟೆಗೆ ಕಮ್ಮಿ ಎಂದು ತಿಳಿಹೇಳುವುದೂ ಗೈಡಿನ ಕೆಲಸವೇ.

ಹಿರಿಯ ರಾಜಹಂಸ ಎತ್ತರ, ಬಿಳಿಚು. ಗುಲಾಬಿ ಕೊಕ್ಕಿನ ತುದಿ ಮಾತ್ರ ಕಪ್ಪು. ಕಿರಿಯದು ಗಿಡ್ಡ, ಬಣ್ಣ ಗಾಢ, ಕೊಕ್ಕೆಲ್ಲ ಕಡುಗೆಂಪು. ಬೂದು ಬಣ್ಣದವು ಎಳೆಯವು. ಇದನ್ನೆಲ್ಲ ತರಬೇತಿಯಲ್ಲಿ, ಪುಸ್ತಕದಲ್ಲಿ ಕಲಿಯಬಹುದು. ನೀರಿನ ಬಣ್ಣ ನೋಡಿ ಆಳ ಹೇಳುವುದು, ಕಳೆದ ಮಳೆಗಾಲದ ನಂತರ ಹೂಳಿನ ದಿಬ್ಬ ಎಲ್ಲಿಗೆ ಸರಿದಿದೆ ಎಂದು ತಿಳಿದಿರುವುದು, ಗಾಳಿ ಎದುರಾದರೆ ಉಬ್ಬರ ಎಷ್ಟು ಬಿರುಸೆಂದು ಊಹಿಸುವುದು ಪುಸ್ತಕದಲ್ಲಿಲ್ಲ. ಅದು ಬಲೆ ಕಟ್ಟಿದವರ ಮನೆಯಲ್ಲಿ ಬೆಳೆದದ್ದರಿಂದ ಬಂದದ್ದು. ಸಿದಿ ಮುಬಾರಕ್ ಬಾಂಬೆಗೆ ಹಿಂದುಸ್ತಾನಿಯನ್ನು ಯಾರೂ ಗೈಡಾಗಲೆಂದು ಕಲಿಸಿರಲಿಲ್ಲ. ದುಡಿಮೆಯಲ್ಲಿ, ಅದೂ ಬಲವಂತದ ದುಡಿಮೆಯಲ್ಲಿ ಕಲಿತದ್ದು ಮುಂದೆ ಅವನ ಕಸುಬಾಯಿತು. ಕುರುಬರು ಆನೆಯ ಹೆಜ್ಜೆ ಕಲಿತದ್ದು ಪ್ರವಾಸಿಗರಿಗಾಗಿ ಅಲ್ಲ, ಜೇನಿಗೆ ಗೆಡ್ಡೆಗೆ ಹೋಗಿ ಬದುಕಿ ಮನೆಗೆ ಬರಲು. ದಾರಿ ತೋರುವ ವಿದ್ಯೆ ಎಲ್ಲ ಕಡೆಯೂ ಬೇರೊಂದು ಬದುಕಿನ ಉಪಫಲವಾಗಿ ಬೆಳೆದಿದೆ.

ಇಂದಿನ ಅಪಾಯವೂ ಅಲ್ಲಿಯೇ ಇದೆ. ಮೀನುಗಾರಿಕೆಯೇ ನಿಂತುಹೋದರೆ ಮುಂದಿನ ತಲೆಮಾರಿನ ಚುಕ್ಕಾಣಿಗಾರ ಉಬ್ಬರದ ಹೊತ್ತನ್ನು ಮೊಬೈಲಿನಲ್ಲಿ ನೋಡಬಹುದು. ಸರಿದ ದಿಬ್ಬ ಮೊಬೈಲಿನಲ್ಲಿ ಕಾಣುವುದಿಲ್ಲ. ವರ್ಷದ ಏಳು ತಿಂಗಳ ಸಫಾರಿ ಕೆಲವೇ ಕುಟುಂಬಗಳಿಗೆ ಕೂಲಿ ಕೊಟ್ಟೀತು. ಒಂದಿಡೀ ಕೋಲಿವಾಡಾವನ್ನು ನೀರಿನ ಮೇಲೆ ಉಳಿಸುವಷ್ಟು ಅದರಲ್ಲಿಲ್ಲ. ಅದಕ್ಕೆ ಖಾಡಿಯಲ್ಲಿ ಮೀನೇ ಬೇಕು.

ನೀರು ತುಂಬಿದಾಗ

ಉಬ್ಬರ ಪೂರ್ತಿ ತುಂಬಿದಾಗ ಎದ್ದ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ? ನವಿ ಮುಂಬಯಿಯ ನೆರೂಲ್ ಕಡೆಯ ಡಿಪಿಎಸ್ ಕೆರೆ, ಎನ್‌ಆರ್‌ಐ ಮತ್ತು ಟಿ.ಎಸ್. ಚಾಣಕ್ಯ ಜೌಗು, ಭಾಂಡುಪ್‌ನ ಪಂಪಿಂಗ್ ಸ್ಟೇಷನ್ ಬಳಿಯ ನೀರು ಇಂಥ ತಗ್ಗು ತಾಣಗಳಿಗೆ. ಅಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಖಾಡಿ ಇಳಿಯುವುದನ್ನು ಕಾಯುತ್ತವೆ. ಈ ಕೆರೆಗಳಲ್ಲಿ ಕೆಲವು ಅಭಯಾರಣ್ಯದ ಗೆರೆಯ ಹೊರಗಿವೆ. ನಗರದ ಲೆಕ್ಕದಲ್ಲಿ ಅವು ಬೆಲೆಬಾಳುವ ಖಾಲಿ ನಿವೇಶನ. 2024ರ ಬೇಸಿಗೆಯಲ್ಲಿ ಡಿಪಿಎಸ್ ಕೆರೆಗೆ ಉಬ್ಬರದ ನೀರು ಬರುವ ಬಾಯಿ ಮುಚ್ಚಿ ಕೆರೆ ಒಣಗಿತು. ದಿಕ್ಕು ತಪ್ಪಿ ರಸ್ತೆಗಿಳಿದ ಹಕ್ಕಿಗಳು ಸತ್ತವು. ಅದೇ ಮೇ 20ರ ರಾತ್ರಿ ಮುಂಬಯಿಗೆ ಇಳಿಯುತ್ತಿದ್ದ ವಿಮಾನವೊಂದು ಘಾಟ್ಕೋಪರಿನ ಮೇಲೆ ಹಿಂಡಿಗೆ ಬಡಿದು 40ರ ಸಮೀಪ ರಾಜಹಂಸಗಳು ಸತ್ತುಬಿದ್ದವು. ನಿವಾಸಿಗಳು ದನಿಯೆತ್ತಿದರು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಡಿಪಿಎಸ್ ಕೆರೆಯನ್ನು ಸಂರಕ್ಷಿತ ಮೀಸಲು ಮಾಡಲು ಒಪ್ಪಿತು.

ಖಾಡಿಯಲ್ಲಿ ದೋಣಿ ನಡೆಸುವವರಿಗೆ ಈ ನಂಟನ್ನು ವಿವರಿಸಬೇಕಾಗಿಲ್ಲ. ನೀರು ಇಳಿದಾಗ ಊಟದ ಮನೆ, ನೀರು ಏರಿದಾಗ ಮಲಗುವ ಮನೆ. ಒಂದನ್ನು ಬೇಲಿ ಹಾಕಿ ಕಾದು ಇನ್ನೊಂದನ್ನು ಮುಚ್ಚಿದರೆ ಸಂಸಾರ ನಡೆಯುವುದಿಲ್ಲ. ಪ್ರವಾಸಿಗರು ಹಕ್ಕಿಯ ಬಣ್ಣ ನೋಡಿ ಮರಳುವಾಗ ಚುಕ್ಕಾಣಿಯವನು ಕೈ ಚಾಚಿ ನೆರೂಲ್ ದಿಕ್ಕು ತೋರಿಸಿ, ಈಗ ಅಲ್ಲಿಗೆ ಹೋಗುತ್ತವೆ ನೋಡಿ ಎನ್ನುತ್ತಾನೆ. ಆ ಹೊತ್ತಿಗೆ ಗುಲಾಬಿ ಗೆರೆ ಸಣ್ಣದಾಗಿ, ತುಂಡಾಗಿ, ಕೊನೆಯ ಕೆಸರಿನ ಪಟ್ಟಿಯೂ ಮುಳುಗುತ್ತ ಬಂದಿರುತ್ತದೆ. ಮೊದಲ ಸಾಲು ರೆಕ್ಕೆ ಬಿಚ್ಚಿದಾಗ ಒಳಗಿನ ಕೆಂಪು ಕಪ್ಪು ಮಿನುಗುತ್ತದೆ. ದೋಣಿ ಜೆಟ್ಟಿ ಮುಟ್ಟುತ್ತದೆ. ಮರುದಿನದ ದೋಣಿ ಮುಕ್ಕಾಲು ಗಂಟೆ ತಡ.